ಪುಟ್ಟತಾಯಮ್ಮನ ದಪ್ಪೆಲೆ ಗಿಡ

ಹೋದ ಭಾನುವಾರ ಶ್ರೀರಂಗಪಟ್ಟಣದಲ್ಲಿ ಪರಿಚಯದವರ ಗೃಹಪ್ರವೇಶವಿತ್ತು. ಊಟ ಮುಗಿಸಿ ಹೊರಡುವಾಗ ಮನೆಯಾಕೆ ತಾಂಬೂಲದ ಚೀಲದ ಜೊತೆಗೆ ಅಂಗೈಯಗಲದ ಒಂದು ಕುಂಡವನ್ನೂ ಕೈಗಿಟ್ಟರು. ಮೊದಲೆಲ್ಲ ತೆಂಗಿನಕಾಯಿ ಕೊಡುತ್ತಿದ್ದರು, ಆಮೇಲೆ ಸ್ಟೀಲಿನ ಬಟ್ಟಲು ಬಂತು, ಈಗ ಗಿಡದ ಸರದಿ. ನೀವೂ ನೋಡಿರುತ್ತೀರಿ, ಸಕ್ಯುಲೆಂಟ್ ಎನ್ನುತ್ತಾರಲ್ಲ, ಆ ಬಗೆಯದು. ಅರೆಬಿರಿದ ತಾವರೆಯಂತೆ ಸುತ್ತುಸುತ್ತಾಗಿ ಕೂತ ದಪ್ಪ ಎಲೆಗಳು, ಮೈಯೆಲ್ಲ ಬೂದು, ಅಂಚಿಗೆ ಮಾತ್ರ ಕುಂಕುಮ ಸವರಿದಂತೆ ಕೆಂಪು. ಆಟೋದಲ್ಲಿ ಕೂತವಳು ಸುಮ್ಮನಿರಲಾರದೆ ಒಂದು ಎಲೆಯನ್ನು ಮುಟ್ಟಿದೆ. ವಿಭೂತಿಯಂಥ ನಯವಾದ ಪುಡಿ ಹೆಬ್ಬೆರಳಿಗೆ ಹತ್ತಿತು. ಹತ್ತಿದ್ದೇ ತಡ, ಹನ್ನೆರಡು ವರ್ಷದ ಹಿಂದಿನ ಒಂದು ದನಿ ಕಿವಿಯ ಪಕ್ಕದಲ್ಲೇ ಗದರಿದಂತಾಗಿ ಬೆಚ್ಚಿಬಿದ್ದೆ.

"ಮುಟ್ಬ್ಯಾಡ ಕಣವ್ವ, ಮಯ್ಯಿ ಮಾಸ್ತದೆ!"

ಆ ದನಿ ಪುಟ್ಟತಾಯಮ್ಮನವರದು. ಅವರ ವಿಷಯ ಯಾರ ಮುಂದೂ ಹೇಳಿಲ್ಲ. ಹೇಳಿದರೆ ನನ್ನ ಮಾನವೂ ಜೊತೆಯಲ್ಲೇ ಹೋಗುತ್ತದೆ. ಹೋಗಲಿ, ನಿಮ್ಮ ಮುಂದೆ ತಾನೆ.

ನಮ್ಮದು ಗಂಜಾಂನಲ್ಲಿ ದೇವಸ್ಥಾನದ ಸೇವೆಗೆ ಸೇರಿದ ಮನೆ. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಆ ಬಿಗುಮಾನ ಇಳಿಯುವ ಮುಂಚೆಯೇ ವಿಜ್ಞಾನದ ಟೀಚರ್ ಆಗಿ, ಪಾಂಡವಪುರದಿಂದ ನಾಗಮಂಗಲದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯ ಹೈಸ್ಕೂಲಿಗೆ ಬಂದೆ. ದಿನವೂ ಗಂಜಾಂನಿಂದ ಎರಡು ಬಸ್ಸು ಹತ್ತಿ ಇಳಿಯುವುದಾಗದೆ ಪಾಂಡವಪುರದ ಅಂಚಿನಲ್ಲಿ, ನಾಲೆಯ ಪಕ್ಕದ ಒಂದು ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮನೆಯ ಯಜಮಾನರು ಬೋರೇಗೌಡರು, ಮಾತು ಕಡಿಮೆ. ಅವರ ಹೆಂಡತಿ ಪುಟ್ಟತಾಯಮ್ಮ ಆರು ಹಸುಗಳನ್ನು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದರು. ಐವತ್ತು ದಾಟಿದ್ದ ಗಟ್ಟಿ ಹೆಂಗಸು. ನಾಲ್ಕನೆಯ ಕ್ಲಾಸಿಗೆ ಸ್ಕೂಲು ಬಿಟ್ಟವರು. ಮೊದಲ ವಾರ ನನ್ನನ್ನು "ಬನ್ನಿ ಮೇಡಮ್ಮೋರೆ" ಎಂದರು. ಎರಡನೆಯ ವಾರಕ್ಕೆ "ಬಾ ಕಣವ್ವ" ಆಯಿತು.

ನನ್ನ ಕಿಟಕಿಯಲ್ಲಿ ಹಾಸ್ಟೆಲ್ ಗೆಳತಿಯೊಬ್ಬಳು ಕೊಟ್ಟ ಕೆಂಪಂಚಿನ ಸಕ್ಯುಲೆಂಟ್ ಒಂದಿತ್ತು. ಒಂದು ದಿನ ಗುಡಿಸುವಾಗ ಅದರಿಂದ ಎಲೆಯೊಂದು ಉದುರಿ ಕಸದ ಜೊತೆ ಹೊರಗೆ ಹೋಯಿತು. ತಿಂಗಳಾದ ಮೇಲೆ ಪುಟ್ಟತಾಯಮ್ಮ ಒಂದು ಒಡೆದ ಮಡಕೆಯ ಚೂರನ್ನು ತಂದು ನನ್ನೆದುರು ಹಿಡಿದರು. ಆ ಎಲೆಯ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಮರಿಗಿಡ!

"ಕಸ ಅಂತ ಎಸ್ದಿದ್ದೆಯಲ್ಲವ್ವ, ನೋಡು ಇಲ್ಲಿ. ಏನಂತಾರೆ ಇದ್ಕೆ?"

"ಸಕ್ಯುಲೆಂಟ್" ಎಂದೆ.

"ಸಕ್ರೆಲೆಂಟಾ? ನಮ್ ಸಕ್ರೆ ಫ್ಯಾಕ್ಟ್ರಿಯೋರ್ದಾ?" ಎಂದು ನಕ್ಕು, ಅಂದಿನಿಂದ ತಾವೇ ಅದಕ್ಕೆ ದಪ್ಪೆಲೆ ಗಿಡ ಎಂದು ಹೆಸರಿಟ್ಟರು. ಆಮೇಲೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನ ಕ್ವಾರ್ಟರ್ಸಿನ ಕಾಂಪೌಂಡಿನಿಂದ ಬೂದು ಬಣ್ಣದ ಇನ್ನೊಂದು ಜಾತಿಯ ದಪ್ಪೆಲೆಯನ್ನು ಕೇಳಿ ತಂದರು. ಕೊಟ್ಟಿಗೆಯ ಗೋಡೆಯ ಮೇಲೆ ತಗಡಿನ ಡಬ್ಬಗಳು ಸಾಲುಗಟ್ಟಿದವು.

ಅವರ ಉತ್ಸಾಹ ನೋಡಿ ನಾನೂ ಒಮ್ಮೆ ಮೈಸೂರು ರಸ್ತೆಯ ಬದಿಯಲ್ಲಿ ಮಾರುತ್ತಿದ್ದ ಕಡುನೀಲಿ ಬಣ್ಣದ ಒಂದು ದಪ್ಪೆಲೆಯನ್ನು ಹೆಮ್ಮೆಯಿಂದ ಹೊತ್ತು ತಂದೆ. ಸಸ್ಯಲೋಕದಲ್ಲಿ ಇಂಥ ನೀಲಿಯೂ ಉಂಟೆಂದು ಒಂದು ಪಾಠವನ್ನೇ ಮಾಡಿದೆ. ಪುಟ್ಟತಾಯಮ್ಮ ಸೆರಗಿನ ಚುಂಗನ್ನು ಒದ್ದೆ ಮಾಡಿ ಎಲೆ ಒರೆಸಿದರು. ಸೆರಗು ನೀಲಿಯಾಯಿತು, ಎಲೆ ಹಸಿರಾಯಿತು.

"ಬಣ್ಣ ಬಳ್ದವ್ರೆ ಕಣವ್ವ. ಸಂಕ್ರಾಂತಿಲಿ ಹಸಕ್ಕೆ ಬಳಿಯಾಕಿಲ್ವಾ, ಅಂಗೆ" ಎಂದರು. ನನಗೆ ನಾಚಿಕೆಯಾಗದಿರಲೆಂದು ನಗದೆ ಹೇಳಿದರು. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಬಣ್ಣದ ಗುಟ್ಟನ್ನು ಅವರು ತಾವಾಗಿಯೇ ಕಂಡುಕೊಂಡಿದ್ದರು. ನೆರಳಿನಲ್ಲಿಟ್ಟು ನೀರು ಕುಡಿಸಿದರೆ ಗಿಡ ಕೊಬ್ಬಿ ಹಸಿರಾಗುತ್ತದೆ. ಬೆಳಗಿನ ಬಿಸಿಲಿಗೆ ಬಿಟ್ಟು ಬಾಯಾರಿಸಿದರೆ ಮೈಗೆ ಕೆಂಪೇರುತ್ತದೆ. ಇದನ್ನೇ ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಸೆಗಣಿ ಬಾಚುತ್ತ ಬಾಚುತ್ತ ನೋಡಿದ್ದರು.

ಆ ಚಳಿಗಾಲ ಕೆಂಪಂಚಿನದು, ಬೂದು ಬಣ್ಣದ್ದು, ಎರಡು ಗಿಡಗಳೂ ಹೂದಂಟು ಬಿಟ್ಟವು. ಒಂದು ಸಂಜೆ ಹಾಲು ಕರೆದು ಬಂದ ಪುಟ್ಟತಾಯಮ್ಮ ಕೇಳಿದರು.

"ಅಲ್ಲ ಕಣವ್ವ, ನಾಟಿ ಹಸಕ್ಕೆ ಸೀಮೆ ಹೋರಿ ಇಂಜಕ್ಸನ್ ಕೊಡ್ಸಿದ್ರೆ ಮಿಶ್ರತಳಿ ಕರ ಆಯ್ತದಲ್ಲ, ಇವೆರಡ್ಕೂ ಅಂಗೇ ಮಾಡುದ್ರೆ?"

"ಆಗಲ್ಲ ಪುಟ್ಟತಾಯಮ್ಮ. ಇವೆರಡೂ ಬೇರೆ ಬೇರೆ ಜಾತಿ" ಎಂದೆ.

"ಜಾತಿ ಬ್ಯಾರೆ ಆದ್ರೆ ಕೂಡಾಕಿಲ್ವಾ?" ಎಂದವರು ನನ್ನ ಮುಖವನ್ನೇ ನೋಡಿದರು. "ಎರಡ್ಕೂ ಐದೈದೇ ಎಸ್ಳು. ನಾ ಎಣ್ಸಿವ್ನಿ."

ಅದಕ್ಕೆಲ್ಲ ಪ್ರಯೋಗಾಲಯ ಬೇಕು, ತರಬೇತಿ ಬೇಕು, ಎಂದು ಏನೇನೋ ಹೇಳಿದೆ. ಪಟ್ಟು ಬಿಡದೆ ಕೇಳಿದ್ದಕ್ಕೆ, ಪರೀಕ್ಷೆಯ ಪೇಪರು ತಿದ್ದುತ್ತಿದ್ದವಳು ಸರಿಯಾಗಿ ನೋಡದೆ ಪಿನ್ನಿನ ತುದಿಯಲ್ಲಿ "ಸುತ್ತ ಇರೋದು ಗಂಡು, ನಡುವೆ ಇರೋದು ಹೆಣ್ಣು" ಎಂದು ತೋರಿಸಿ ಕಳಿಸಿಬಿಟ್ಟೆ. ಅಷ್ಟೇ ನಾನು ಕೊಟ್ಟ ವಿದ್ಯೆ.

ಅವರು ಹಸುವಿನ ಬಾಲದ ನಾಲ್ಕು ಕೂದಲನ್ನು ಕಡ್ಡಿಯ ತುದಿಗೆ ಕಟ್ಟಿಕೊಂಡರು. ತಾಯಿ ಹೂವಿನ ಗಂಡು ಭಾಗಗಳನ್ನು ಮೊದಲೇ ಕಿತ್ತು ತೆಗೆದರು. "ಇಲ್ದಿದ್ರೆ ಮನೆ ಹೋರಿನೇ ಮ್ಯಾಲ್ ಬಿದ್ಬುಡ್ತದೆ" ಎಂದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ! ಜೇನು ಮುಟ್ಟದಂತೆ ಹಳೆಯ ಪಂಚೆಯ ತುಂಡಿನಿಂದ ಹೂವಿಗೆ ಮುಸುಕು ಕಟ್ಟಿದರು. ಧೂಳಿನಂಥ ಬೀಜ ಬಂತು. ಮೊಸರಿನ ಡಬ್ಬದಲ್ಲಿ ಮರಳು, ಇಟ್ಟಿಗೆಪುಡಿ ತುಂಬಿ ಉದುರಿಸಿದರು. ಸಾಸಿವೆಗಿಂತ ಸಣ್ಣ ಹಸಿರು ಚುಕ್ಕಿಗಳು ಏಳೆಂಟು ಎದ್ದವು. ಇರುವೆ ಹೊತ್ತದ್ದು, ಬಸವನಹುಳು ಮೆದ್ದದ್ದು, ಕರಗಿದ್ದು ಹೋಗಿ ಕೊನೆಗೆ ಉಳಿದದ್ದು ಒಂದು.

ಆ ಒಂದು ದೊಡ್ಡದಾಗಲು ಮೂರು ವರ್ಷ ಹಿಡಿಯಿತು. ಮೂರನೆಯ ಜನವರಿಯ ಒಂದು ಮುಂಜಾನೆ ಹಲ್ಲುಜ್ಜುತ್ತ ಕೊಟ್ಟಿಗೆಯ ಕಡೆ ಹೋದವಳು ನಿಂತುಬಿಟ್ಟೆ. ಬೂದು ಮೈ ನೇರಳೆಗೆ ತಿರುಗಿತ್ತು. ಅಂಚು ರಕ್ತಗೆಂಪು. ನಟ್ಟನಡುವೆ ಮಾತ್ರ, ಒಳಗಿನಿಂದ ಯಾರೋ ದೀಪ ಹಚ್ಚಿದಂತೆ, ಮಾವಿನ ಹಣ್ಣಿನ ಬಣ್ಣ. ಬ್ರಷ್ಷು ಬಾಯಲ್ಲೇ ಇತ್ತು. ಪುಟ್ಟತಾಯಮ್ಮ ಹುಲ್ಲು ಹಾಕುತ್ತಿದ್ದವರು ತಿರುಗಿ ನೋಡಿ "ಬಾಯ್ ತೊಳ್ಕೊ ಓಗು" ಎಂದರು. ಆದರೆ ಅವರ ಮುಖ ಅರಳಿತ್ತು. ನಾನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಚೆನ್ನಾಗಿದೆ ಎಂದೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಹೊಳೆಯಲಿಲ್ಲ. ಎಂ.ಎಸ್ಸಿ. ನೋಡಿ!

ಅದೇ ವರ್ಷ ಆಷಾಢದಲ್ಲಿ ಕೆ.ಆರ್. ಪೇಟೆಯಲ್ಲಿದ್ದ ಅವರ ಮಗಳಿಗೆ ದಿನ ತುಂಬಿತ್ತು. ಓಡಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಬರುವ ಬದಲು ತಾಯಿಯೇ ಬಾಣಂತನಕ್ಕೆ ಹೊರಟರು. ಹಸುಗಳನ್ನು ಗಂಡನಿಗೆ ಒಪ್ಪಿಸಿ, ಆ ಗಿಡವನ್ನು ಎರಡು ಕೈಯಲ್ಲಿ ಹಿಡಿದು ನನ್ನ ಬಾಗಿಲಿಗೆ ಬಂದರು.

"ಅವ್ರ್ ಕೈಗ್ ಕೊಟ್ರೆ ಹಸಕ್ಕೆ ಹಾಕ್ಬುಡ್ತಾರೆ. ನೀ ಓದ್ದೋಳು. ಮಳೆ ಬಂದ್ರೆ ಸೂರಿನಡಿ ಇಡು, ಬಿಸ್ಲು ಬಂದ್ರೆ ಆಚಿಗಿಡು. ನೀರು ಮಾತ್ರ ನಾ ಬರೋಗಂಟ ತೋರಿಸ್ಬ್ಯಾಡ. ಎಲೆ ಸುಕ್ಕಾಯ್ತದೆ. ಆಗ್ಲಿ ಬುಡು."

ಇಷ್ಟು ಸುಲಭದ ಮಾತನ್ನು ಮೀರುವುದಕ್ಕೆ ಎಷ್ಟು ಓದಿರಬೇಕು ಹೇಳಿ! ಜಡಿಮಳೆ ಹಿಡಿಯಿತು. ಒಳಗೆ ತಂದು ಕಿಟಕಿಯಲ್ಲಿಟ್ಟವಳು ಅಲ್ಲೇ ಮರೆತೆ. ವಾರ ಎರಡಾಗುವುದರಲ್ಲಿ ನೇರಳೆ ಹೋಗಿ ಹಸಿರು ಬಂತು. ಗಿಡ ಬೆಳಕಿಗಾಗಿ ಕತ್ತು ಚಾಚಿತು. ಕೆಳಗಿನ ಎಲೆಗಳು ಮುದುಕಿಯ ಬೆರಳಿನಂತೆ ಸುಕ್ಕಾದವು. ಆಗಲಿ ಬಿಡು ಎಂದಿದ್ದರಲ್ಲ, ಅದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಜೀವ ಒಣಗುವುದನ್ನು ನೋಡುತ್ತ ಕೂರುವುದೇ? ಒಂದು ಲೋಟ ನೀರು ಹಾಕಿದೆ. ಚೇತರಿಸಲಿಲ್ಲವೆಂದು ಮಾರನೆಯ ದಿನವೂ ಹಾಕಿದೆ. ಅದರ ಮಾರನೆಯ ದಿನವೂ.

ಆರನೆಯ ಬೆಳಿಗ್ಗೆ ಕೋಣೆಯಲ್ಲಿ ಹುಳಿಹುಳಿ ವಾಸನೆ. ನೋಡಿದರೆ ಕೆಳಗಿನ ಎಲೆಗಳು ಗಾಜಿನಂತೆ ಪಾರದರ್ಶಕವಾಗಿದ್ದವು. ಬೆರಳು ತಾಕಿಸಿದ್ದಷ್ಟೇ, ನಾಲ್ಕೈದು ಎಲೆ ಒಟ್ಟಿಗೆ ಜಾರಿ ಬಿದ್ದು ನೀರಾದವು. ಕಾಂಡದ ಬುಡ ಕಪ್ಪಗೆ, ಮೆತ್ತಗೆ. ಸ್ಕೂಲಿಗೆ ರಜೆ ಹೇಳಿದೆ. ಏನು ಮಾಡಲು ಗೊತ್ತೆ? ಗಿಡವನ್ನು ಉಳಿಸಲು ಅಲ್ಲ. ಮೈಸೂರಿಗೆ ಹೋಗಿ ಅಂಥದ್ದೇ ಇನ್ನೊಂದನ್ನು ಕೊಂಡು ತಂದು ಅದೇ ಡಬ್ಬದಲ್ಲಿ ನೆಟ್ಟು ಏನೂ ಆಗದವಳಂತೆ ಇದ್ದುಬಿಡಲು. ಸಿಕ್ಕಿದ್ದರೆ ಹಾಗೇ ಮಾಡುತ್ತಿದ್ದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮೈಸೂರಿನಲ್ಲಿ ಮೂರು ನರ್ಸರಿ ಸುತ್ತಿದೆ. ಮೂರನೆಯದರಲ್ಲಿ ಬರೀ ಇಂಥ ಗಿಡಗಳನ್ನೇ ಮಾರುವ ಒಬ್ಬ ಹಿರಿಯರಿದ್ದರು. ಜನವರಿಯ ಫೋಟೋ ತೋರಿಸಿದೆ. ಕನ್ನಡಕ ಏರಿಸಿ, ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ತುಂಬ ಹೊತ್ತು ನೋಡಿದರು.

"ಎಲ್ಲಿ ಸಿಕ್ತು ಮೇಡಂ ಇದು?"

"ನಮ್ಮ ಮನೆ ಓನರ್ ಬೆಳೆಸಿದ್ದು. ಇಂಥದೇ ಒಂದು ಬೇಕಿತ್ತು."

"ಇಂಥದು ಎಲ್ಲೂ ಸಿಗಲ್ಲ. ಇಷ್ಟು ವರ್ಷ ಇದೇ ಕಸುಬು ನಂದು, ಹೊರದೇಶದಿಂದೆಲ್ಲ ತರಿಸ್ತೀನಿ, ಈ ಗಿಡ ನಾನು ಕಂಡಿಲ್ಲ. ಅವರು ಯಾವ ಯೂನಿವರ್ಸಿಟೀಲಿದ್ದಾರೆ?"

ಮೂರು ವರ್ಷ ನನ್ನ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯಲ್ಲಿ, ಸೆಗಣಿ ವಾಸನೆಯ ನಡುವೆ, ಜಗತ್ತಿನಲ್ಲಿ ಹಿಂದೆ ಇಲ್ಲದ ಒಂದು ಜೀವ ಹುಟ್ಟಿ ಬೆಳೆದಿತ್ತು. ಅದನ್ನು ನಾನು ಐದು ದಿನ ಲೋಟದಿಂದ ನೀರು ಹಾಕಿ ಕೊಂದಿದ್ದೆ.

ಬಸ್‌ಸ್ಟ್ಯಾಂಡಿನಿಂದಲೇ ಕೆ.ಆರ್. ಪೇಟೆಗೆ ಫೋನು ಮಾಡಿದೆ. ಹಿಂದಿನಿಂದ ಹಸುಗೂಸಿನ ಅಳು ಕೇಳುತ್ತಿತ್ತು. ಪುಟ್ಟತಾಯಮ್ಮನವರಿಗೆ ಎಲ್ಲ ಹೇಳಿದೆ, ಮೈಸೂರಿಗೆ ಬಂದದ್ದು ಯಾಕೆಂಬುದನ್ನೂ ಸೇರಿಸಿ.

"ನೀರ್ ಹುಯ್ದ್ಯಾ?"

"ಹೂಂ."

"ಎಷ್ಟ್ ದಿವ್ಸ?"

"ಐದು."

"ಮಣ್ಣಿಂದ ಕಿತ್ತು ಒಣಾ ಜಾಗ್ದಲ್ಲಿ ಮಡುಗು. ತೊಳೀಬ್ಯಾಡ. ನಾ ಬತ್ತೀನಿ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದರು. ಹನ್ನೆರಡು ದಿನದ ಮೊಮ್ಮಗುವನ್ನು, ಬಾಣಂತಿ ಮಗಳನ್ನು ಬೀಗಿತ್ತಿಯ ಕೈಗೆ ಬಿಟ್ಟು, ಒಂದು ಗಿಡಕ್ಕಾಗಿ! ಬೋರೇಗೌಡರು ಹಾಲಿನ ಕ್ಯಾನು ಹಿಡಿದು ಬೆರಗಾಗಿ ನಿಂತರು. "ಏನಮ್ಮಿ ಪುಟ್ಟಿ, ಮಗೀಗ್ ಏನಾಯ್ತು?" ಎಂದರು. "ಮಗ ಚೆಂದಾಗೈತೆ. ಒಸಾ ಬ್ಲೇಡು ತಕ್ಕಬನ್ನಿ" ಎಂದಷ್ಟೇ ಹೇಳಿ ಪುಟ್ಟತಾಯಮ್ಮ ಜಗಲಿಯ ಮೇಲೆ ಕೂತರು.

ಗಿಡವನ್ನು ಎತ್ತಿ ಮೂಸಿದರು. ನನ್ನನ್ನು ನೋಡಲಿಲ್ಲ. ಗಂಡ ಒಂದು ಕೈಯಲ್ಲಿ ಕ್ಯಾನು ಹಿಡಿದೇ ತಂದುಕೊಟ್ಟ ಬ್ಲೇಡಿನಿಂದ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿದರು. ಒಳಗೆಲ್ಲ ಕಪ್ಪು. ಬ್ಲೇಡು ಒರೆಸಿ ಇನ್ನಷ್ಟು ಮೇಲೆ ಕತ್ತರಿಸಿದರು. ಒಳಗೆ ಬಳೆಯಂತೆ ಕಂದು ಗೆರೆ. ಎಲೆಗಳನ್ನು ಬಿಡಿಸಿ ಇನ್ನೂ ಮೇಲೆ. ಬಳೆ ಸಣ್ಣದಾಯಿತು, ಹೋಗಲಿಲ್ಲ. "ಸಾಕು, ಏನೂ ಉಳಿಯಲ್ಲ" ಎಂದು ನಾನು ಕೂಗಿಬಿಟ್ಟೆ.

"ಕೊಳೆ ಒಸಿ ಉಳುದ್ರೂ ಎಲ್ಲಾ ಓಯ್ತದೆ. ಸುಮ್ಕಿರು."

ನಾಲ್ಕನೆಯ ಸಲ ಕತ್ತರಿಸಿದಾಗ ಎಳೆ ಸೌತೆಕಾಯಿಯಂಥ ಬಿಳಿ ಹಸಿರು ಕಂಡಿತು. ಒಂದು ಕಲೆಯೂ ಇರಲಿಲ್ಲ. ಆದರೆ ಅವರ ಅಂಗೈಯಲ್ಲಿ ಉಳಿದಿದ್ದದ್ದು ಅಂಗಿಯ ಗುಂಡಿಯಷ್ಟು, ಆರೇ ಎಲೆ.

"ನೀ ಓದ್ದೋಳು ಅಂತ ಬುಟ್ಟೋದೆ" ಎಂದರು, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜಗಲಿಯ ಕಂಬ ಹಿಡಿದು ಅತ್ತುಬಿಟ್ಟೆ.

"ಅಳ್ಬ್ಯಾಡ ಬುಡು. ನಾಲೆ ನೀರ್ ಕುಡ್ದೋರು ನಾವೆಲ್ಲಾ ಇಂಗೇಯ. ಬಾಡ್ದಂಗೆ ಕಂಡ್ರೆ ನೀರ್ ಹುಯ್ಯೋದೊಂದೇ ಗೊತ್ತು." ಆಮೇಲೆ ಕೊಟ್ಟಿಗೆಯ ಕಡೆ ನೋಡುತ್ತ ಹೇಳಿದರು. "ಹಸ ಅವ್ರ್ ಹೆಸ್ರಲ್ಲವೆ. ಗದ್ದೆ ಅವ್ರ್ ಹೆಸ್ರಲ್ಲೈತೆ. ಡೈರಿ ಪುಸ್ತಕಾನೂ ಅವ್ರುದೇಯ. ಮಕ್ಳಾದ್ರೂ ಬೋರೇಗೌಡ್ರ ಮಕ್ಳು ಅಂತಾರೆ. ಇದೊಂದು ನಾ ಉಟ್ಸಿದ್ದು ಕಣವ್ವ. ಯಾರೂ ಕೇಳ್ನಿಲ್ಲ, ಅದ್ಕೆ ನಾನೂ ಯೋಳ್ನಿಲ್ಲ."

ಬೋರೇಗೌಡರು ಕ್ಯಾನನ್ನು ಕೆಳಗಿಟ್ಟರು. ಅದರ ಸದ್ದು ಈಗಲೂ ಕಿವಿಯಲ್ಲಿದೆ.

ನಾನು ಬೆಚ್ಚಿದ್ದು ಅದಕ್ಕಲ್ಲ, ಆಮೇಲೆ ನಡೆದದ್ದಕ್ಕೆ. ಮಧ್ಯಾಹ್ನದ ಬಸ್ಸಿಗೆ ಹೊರಟು ನಿಂತವರು ಆ ಆರು ಎಲೆಯ ತಲೆಯನ್ನು ಒಂದು ಕಾಗದದ ಮೇಲಿಟ್ಟು ತಿರುಗಿ ನನ್ನ ಕೈಗೇ ಕೊಟ್ಟರು!

"ನಂಗೆ ಬೇಡ. ಇನ್ಯಾರಿಗಾದ್ರೂ ಕೊಡಿ" ಎಂದು ಎರಡು ಹೆಜ್ಜೆ ಹಿಂದೆ ಸರಿದೆ.

"ಇನ್ಯಾರ್ಗ್ ಕೊಡ್ಲಿ? ನಿನ್ನಷ್ಟು ಭಯ ಯಾರ್ಗೈತೆ ಈಗ?" ಎಂದು ನನ್ನ ಬೆರಳುಗಳನ್ನು ಮಡಿಸಿ ಹೋದರು.

ಮಣ್ಣಿಲ್ಲ, ನೀರಿಲ್ಲ. ಕಾಗದದ ಮೇಲೆ, ಗಾಳಿಯಲ್ಲಿ, ಅದೊಂದು ಪುಟ್ಟ ತಲೆ. ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದೆ. ಎಲೆ ಸುಕ್ಕಾದಾಗ ಲೋಟವನ್ನು ಅಡುಗೆಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ, ನಗಬೇಡಿ. ಇಪ್ಪತ್ತನಾಲ್ಕನೆಯ ದಿನ ಕತ್ತರಿಸಿದ ಗಾಯದ ಅಂಚಿನಿಂದ ದಾರದೆಳೆಯಂಥದ್ದು, ಎಳೆಗುಲಾಬಿ ಬಣ್ಣದ್ದು, ಇಣುಕಿತ್ತು. ಬೇರು! ಚಪ್ಪಲಿಯಿಲ್ಲದೆ ಕೊಟ್ಟಿಗೆಗೆ ಓಡಿದೆ. ಬೋರೇಗೌಡರು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಹೆಂಡತಿಗೆ ಫೋನು ಮಾಡಿ, "ಲೇ, ನಿನ್ ಗಿಡ ಬದುಕ್ತು ಕಣಮ್ಮಿ" ಎಂದರು. ಆ ಮನೆಯಲ್ಲಿ ಅವರ ಬಾಯಿಂದ 'ನಿನ್' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದೆ ನನಗೆ ಬೆಳಗೊಳದ ಕಡೆಗೆ ವರ್ಗವಾಯಿತು, ಮದುವೆಯಾಯಿತು, ಹೋಗಿ ಬರುವುದು ತಪ್ಪಿತು. ನಾಲ್ಕು ವರ್ಷ ಒಂದು ಫೋನೂ ಮಾಡಿರಲಿಲ್ಲ. ಆಟೋದಲ್ಲಿ ಬೆಚ್ಚಿಬಿದ್ದವಳು ವಾರವೆಲ್ಲ ಚಡಪಡಿಸಿ, ನಿನ್ನೆ ಶನಿವಾರ ಸ್ಕೂಲು ಬಿಟ್ಟವಳೇ ಪಾಂಡವಪುರಕ್ಕೆ ಹೋದೆ.

ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಒಳಗೆ ಒಂದು ಹಸುವೂ ಇರಲಿಲ್ಲ. ಗೂಟಗಳೆಲ್ಲ ಖಾಲಿ. ಒಳಗೆ ಕಾಲಿಟ್ಟೆ. ಮೇಲಿನ ಹೆಂಚು ತೆಗೆದು ಗಾಜು ಹೊದಿಸಿದ್ದರು. ಆ ಬೆಳಕು ಎಲ್ಲಿ ಬೀಳುತ್ತಿದೆ ಎಂದು ನೋಡಿದರೆ, ಹಸುಗಳು ಮೇಯುತ್ತಿದ್ದ ಉದ್ದನೆಯ ಸಿಮೆಂಟಿನ ಗೋದಲಿಯ ತುಂಬ ದಪ್ಪೆಲೆ ಗಿಡಗಳು! ನೇರಳೆ, ಕೆಂಪು, ನಡುವೆ ಮಾವಿನ ಹಣ್ಣಿನ ಬಣ್ಣ. ಅಂಗಿಯ ಗುಂಡಿಯಷ್ಟಿದ್ದ ಆ ತಲೆಯ ಮಕ್ಕಳು, ಮೊಮ್ಮಕ್ಕಳು. ಹಿಂದೆ ಕಾಣದಿದ್ದ ಬಣ್ಣಗಳೂ ಇದ್ದವು.

"ಯಾರದು?" ಮೂಲೆಯ ಕುರ್ಚಿಯಿಂದ ದನಿ ಬಂತು. ಪುಟ್ಟತಾಯಮ್ಮ. ಬಡವಾಗಿದ್ದರು. ಹೆಸರು ಹೇಳಿದೆ.

"ಬಾ ಕಣವ್ವ. ಮಂಡಿ ಇಡ್ಕತು, ಹಸ ಮಾರ್ಬುಟ್ಟೊ. ಅವ್ರೇ ಗಾಜು ಹಾಕ್ಸಿದ್ರು. ಕಣ್ಗೂ ಪೊರೆ ಬಂದದೆ, ಯುಗಾದಿ ಕಳ್ದ್ಮೇಲೆ ಆಪ್ರೇಸನ್ನು." ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದಕ್ಕೆ ಬಿಡುವು ಕೊಡಲಿಲ್ಲ. "ಒಳ್ಳೇ ಗಳಿಗೇಲಿ ಬಂದೆ. ಎರಡು ಗಿಡ ಹೂ ಬುಟ್ಟವೆ. ಪೊರೆ ತೆಗೆಯೋಗಂಟ ಅವು ಕಾಯಾಕಿಲ್ಲ. ನಂಗೆ ಹೂವು ಕಾಣ್ತದೆ, ಒಳ್ಗಿಂದು ಕಾಣಾಕಿಲ್ಲ. ನೀನೇ ಮುಟ್ಸು."

ಹನ್ನೆರಡು ವರ್ಷದಿಂದ, ವರ್ಷಕ್ಕೆ ನಾಲ್ಕು ಸಲವಾದರೂ ಕಪ್ಪುಹಲಗೆಯ ಮೇಲೆ ಹೂವಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪರಾಗಸ್ಪರ್ಶ ಎಂದರೇನು ಎಂದು ಕೇಳಿದವಳು ನಾನು. ಈ ಕೈಯಿಂದ ಒಂದು ಹೂವಿಗೂ ಅದನ್ನು ಮಾಡಿರಲಿಲ್ಲ. ಅದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ಕಡ್ಡಿಯ ತುದಿಗೆ ಮೊದಲ ಹೂವಿನ ಅರಿಸಿನದಂಥ ಪುಡಿ ಹತ್ತಿಸಿಕೊಂಡು, ಉಸಿರು ಬಿಗಿಹಿಡಿದು, ಎರಡನೆಯ ಹೂವಿನ ಎಸಳನ್ನು ಸರಿಸಿ ಬಗ್ಗಿ ನೋಡಿದೆ. ನೋಡಿ ಹಾಗೇ ನಿಂತೆ. ನನ್ನ ಕಪ್ಪುಹಲಗೆಯ ಹೂವಿನ ನಡುವೆ ಯಾವಾಗಲೂ ಒಂದೇ ಕಂಬ. ಇಲ್ಲಿ ಐದು! ಐದು ಬಿಡಿ ಬಿಡಿ ಹೆಣ್ಣು ಭಾಗಗಳು, ತಲೆಗೆ ತಲೆ ತಾಗಿಸಿ, ಪಿಸುಗುಡುತ್ತಿರುವ ಹಾಗೆ.

"ಪುಟ್ಟತಾಯಮ್ಮ, ಐದಿವೆ" ಎಂದೆ. ನನ್ನ ದನಿ ನನಗೇ ಮಕ್ಕಳ ದನಿಯಂತೆ ಕೇಳಿಸಿತು. "ಯಾವುದಕ್ಕೆ ಮುಟ್ಟಿಸಲಿ?"

"ಐದ್ಕೂ ಮುಟ್ಸು ಕಣವ್ವ. ಯಾವ್ದು ಇಡೀತದೋ ಯಾರ್ ಕಂಡವ್ರೆ?"

ಐದಕ್ಕೂ ಮುಟ್ಟಿಸಿದೆ.